ಸಿದ್ದಿಯರ ವಂಶವಾಹಿ ಹೇಳುವ ಚರಿತ್ರೆ

'ಹುಡುಗನದು ಥೇಟ್ ಅಜ್ಜನ ಮೂಗು' ಎಂದು ನಾವು ಸಹಜವಾಗಿ ಹೇಳುತ್ತೇವೆ. 'ಕುಲದ ಗುಣ ರಕ್ತದಲ್ಲೇ ಬರುತ್ತದೆ' ಎಂಬ ಮಾತನ್ನೂ ಅಷ್ಟೇ ಸಹಜವಾಗಿ ಆಡುತ್ತೇವೆ. ಈ ಎರಡು ಮಾತುಗಳೂ ಒಂದೇ ಅಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ನೆಲೆಸಿರುವ ಸಿದ್ದಿಯರ ಚರಿತ್ರೆ ಇದನ್ನು ಸ್ಪಷ್ಟಪಡಿಸುತ್ತದೆ.

ಸಿದ್ದಿಯರ ಹಿರಿಯರನ್ನು ಪೋರ್ಚುಗೀಸರು 300ರಿಂದ 500 ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರಿಗೆ ಖಾನಾಪುರ, ಹಳಿಯಾಳ, ಯಲ್ಲಾಪುರಗಳ ಕಾಡು ಆಶ್ರಯ ನೀಡಿತು. ಇಂದು ಕರ್ನಾಟಕದ ಸಿದ್ದಿಯರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ.

ತಂದೆತಾಯಿಯ ಗುಣಗಳು ಹಾಲಿಗೆ ನೀರು ಬೆರೆತಂತೆ ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂದು ಜನ ಬಹುಕಾಲ ನಂಬಿದ್ದರು. ಬ್ರನ್ ಪಟ್ಟಣದ ಕ್ರೈಸ್ತ ಸನ್ಯಾಸಿ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗ ಇದನ್ನು ಅಲ್ಲಗಳೆಯಿತು. ದುಂಡು ಕಾಳಿನ ಗಿಡವನ್ನು ಸುಕ್ಕು ಕಾಳಿನ ಗಿಡದೊಂದಿಗೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು ಕಾಳುಗಳೇ. ಮುಂದಿನ ಪೀಳಿಗೆಯಲ್ಲಿ 5474 ದುಂಡು, 1850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕಿನ ಗುಣ ಅಳಿದಿರಲಿಲ್ಲ, ಅಡಗಿತ್ತು. ಅಂದರೆ ಗುಣಗಳ ಬೆರಕೆ ಹಾಲುನೀರಿನದಲ್ಲ; ಒಂದೇ ಚೀಲದಲ್ಲಿ ಸುರಿದ ಜೋಳ, ಕಡಲೆಗಳದು. ಕಾಳು ಕಾಳಾಗಿಯೇ ಉಳಿಯುತ್ತದೆ. ಇದನ್ನೇ ನಾವಿಂದು ವಂಶವಾಹಿ ಎನ್ನುತ್ತೇವೆ.

ವಂಶವಾಹಿಗಳಿರುವುದು 23 ಜೋಡಿ ವರ್ಣತಂತುಗಳಲ್ಲಿ. ಪ್ರತಿ ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದಲೇ ಬರುತ್ತದೆ. ಉಳಿದ ವರ್ಣತಂತುಗಳು ಪೀಳಿಗೆಯಿಂದ ಪೀಳಿಗೆಗೆ ತುಂಡುತುಂಡಾಗಿ ಅದಲುಬದಲಾಗುತ್ತವೆ. ತುಂಡುಗಳು ಉದ್ದವಿದ್ದಷ್ಟೂ ಬೆರಕೆ ಈಚಿನದು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಮತ್ತವರ ಸಂಗಡಿಗರು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಯರ ವಂಶವಾಹಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಸಿದ್ದಿಯರ ಮೂಲ ಆಫ್ರಿಕಾದ ಬಾಂಟು ಭಾಷಿಕರಲ್ಲಿದೆ. ಸುಮಾರು ಎಂಟು ತಲೆಮಾರುಗಳಿಂದೀಚೆಗೆ ಭಾರತೀಯರೊಂದಿಗೆ ರಕ್ತಸಂಬಂಧ ಬೆಳೆದಿದೆ ಎಂದು ಅದು ತಿಳಿಸಿತು. ಪೋರ್ಚುಗೀಸರ ಅಂಶವೂ ಇರಬಹುದು ಎಂದಿತು.

ಕೂದಲಿನ ಸುರುಳಿ, ಚರ್ಮದ ಬಣ್ಣ ವಂಶವಾಹಿಯಲ್ಲಿ ಬರುತ್ತವೆ. ನಮಾಝ್, ಪೂಜೆ, ಪ್ರಾರ್ಥನೆ ಬರುವುದಿಲ್ಲ. ಅವನ್ನು ಮನೆಯೂ ನೆರೆಹೊರೆಯೂ ಕಲಿಸುತ್ತವೆ. ಬಡತನವೂ ರಕ್ತದ್ದಲ್ಲ. 2003ರಲ್ಲಿ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಆ ಸೌಲಭ್ಯ ದಕ್ಕಿದ್ದು ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಬೆಳಗಾವಿ ನಗರದ ಕಾಲೇಜಿನಲ್ಲಿ ಸೀಟು ಬಯಸುವ ಹಳಿಯಾಳದ ಸಿದ್ದಿ ಹುಡುಗಿಗೆ ಸಿಗುವ ಪ್ರಮಾಣಪತ್ರ, ಖಾನಾಪುರದಲ್ಲಿರುವ ಅವಳ ಸೋದರತ್ತೆಯ ಮಗಳಿಗೆ ಸಿಗುತ್ತಿರಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರು ಪಟ್ಟಿಗೆ ಸೇರಿದ್ದು 2020ರಲ್ಲಿ. ಅಜ್ಜಿ ಒಬ್ಬಳೇ ಆದರೂ ಹದಿನೇಳು ವರ್ಷ ಮೊಮ್ಮಕ್ಕಳನ್ನು ಜಿಲ್ಲೆಯ ಗಡಿ ಬೇರೆಯಾಗಿಸಿತ್ತು.

ವಂಶವಾಹಿಗೆ ಜಿಲ್ಲೆಯೂ ಗೊತ್ತಿಲ್ಲ, ಜಾತಿಯೂ ಗೊತ್ತಿಲ್ಲ. ಅವೆರಡನ್ನೂ ಮಕ್ಕಳ ತಲೆಗೆ ಕಟ್ಟುವವರು ನಾವೇ.