ತೋಳ ಬಂದಾಗ ಕೂಗದವರು

ಹಿರಿಯೂರಿನವರಿಗೆ ಸಾಗರ ಎಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಅಣೆಕಟ್ಟೆಯ ಹಿನ್ನೀರು ಹೊಸದುರ್ಗದ ಕಡೆಗೂ ಚಾಚಿಕೊಂಡಿದೆ. ಚಿತ್ರದುರ್ಗ, ಹೊಳಲ್ಕೆರೆಯವರಿಗೆ ಕೆರೆ ಕೋಡಿ ಬಿದ್ದರೆ ಅದೇ ದೊಡ್ಡ ನೀರು. ಈ ಬಯಲುಸೀಮೆಗೆ ಕಡಲು ದೂರ, ತೋಳ ಹತ್ತಿರ. ಕುರಿಹಟ್ಟಿಗಳ ನಾಡಿನಲ್ಲಿ 'ತೋಳ ಬಂತು ತೋಳ' ಎಂದು ಸುಳ್ಳು ಕೂಗಿದ ಹುಡುಗನ ಕಥೆ ಕೇಳದೆ ಬೆಳೆದವರು ಯಾರಿದ್ದಾರೆ?

ಇಲ್ಲಿ ಹೇಳಹೊರಟಿರುವುದು ಆ ಕಥೆಯ ತಿರುವುಮುರುವನ್ನು. ತೋಳ ನಿಜವಾಗಿಯೂ ಬಂದಿತ್ತು. ಕಾವಲಿಗಿದ್ದವನಿಗೆ ಅದು ಗೊತ್ತೂ ಇತ್ತು. ಆದರೆ ಅವನು ಕೂಗಲಿಲ್ಲ. ಆ ತೋಳ ಒಂದು ಹಡಗು. ಅದರ ಹೆಸರೇ 'ವೋಲ್ಫ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ತೋಳ.

ಅದು ಹುಟ್ಟುತ್ತಲೇ ತೋಳವಾಗಿರಲಿಲ್ಲ. 1913ರಲ್ಲಿ ನೀರಿಗಿಳಿದಾಗ ಅದರ ಹೆಸರು 'ವಾಖ್ಟ್‌ಫೆಲ್ಸ್'. ಬ್ರೆಮೆನ್ ನಗರದ ಹನ್ಸಾ ಕಂಪನಿಯ ಸರಕು ಹಡಗು. ಈ ಕಂಪನಿಗೆ ಇಂಡಿಯಾದ ವ್ಯಾಪಾರವೇ ದೊಡ್ಡ ಆದಾಯ. ಮುಂಬಯಿ, ಕಲ್ಕತ್ತೆಯ ಬಂದರುಗಳಿಗೆ 'ಫೆಲ್ಸ್' ಎಂದು ಕೊನೆಗೊಳ್ಳುವ ಹೆಸರಿನ ಹಡಗುಗಳು ಹೊಸವೇನಲ್ಲ. ಯುದ್ಧಕ್ಕೆ ಮೊದಲು ನಮ್ಮ ನೇಕಾರರು ಬಳಸುತ್ತಿದ್ದ ಕೃತಕ ಬಣ್ಣ ಬಹುಪಾಲು ಬರುತ್ತಿದ್ದುದು ಜರ್ಮನಿಯಿಂದ. 1914ರಲ್ಲಿ ಯುದ್ಧ ಶುರುವಾಗಿ ಆ ಹಡಗುಗಳು ನಿಂತಾಗ, ಕಡಲು ಕಾಣದ ಊರಿನ ಮಗ್ಗಕ್ಕೂ ಅದರ ಬಿಸಿ ತಟ್ಟಿತು.

ಅದೇ ವರ್ಷದ ಸೆಪ್ಟೆಂಬರ್ 22ರ ರಾತ್ರಿ 'ಎಮ್ಡೆನ್' ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಜನ ಊರು ಬಿಟ್ಟು ಓಡಿದರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಮುಂಬಯಿಯಲ್ಲಿ ಹಡಗು ಹತ್ತಿದ್ದು ಮರುತಿಂಗಳೇ. ಎಮ್ಡೆನ್ ಇನ್ನೂ ಹಿಂದೂ ಮಹಾಸಾಗರದಲ್ಲಿ ಅಲೆಯುತ್ತಿದ್ದ ಕಾಲ ಅದು. 1918ರಲ್ಲಿ ಹೈಫಾದಲ್ಲಿ ಹೆಸರು ಮಾಡಿದ ಆ ಸವಾರರಿಗೆ ಮೊದಲ ಭಯ ಎದುರಾದದ್ದು ನೀರಿನ ಮೇಲೆ.

ಎಮ್ಡೆನ್ ಎಲ್ಲರ ಬಾಯಲ್ಲೂ ಉಳಿಯಿತು. ತಮಿಳಿನಲ್ಲಿ ಅದು ಗಟ್ಟಿಗ, ಚಾಲಾಕಿ ಎಂಬ ಅರ್ಥದ ಪದವೇ ಆಗಿಹೋಯಿತು. ವೋಲ್ಫ್‌ನ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಎಮ್ಡೆನ್‌ನ ಆಟ ನಡೆದದ್ದು ಮೂರು ತಿಂಗಳು; ವೋಲ್ಫ್ ಕಡಲಿನಲ್ಲಿದ್ದದ್ದು 451 ದಿನ. ಆದರೂ ನಮಗೆ ಅದು ಗೊತ್ತಿಲ್ಲವೆಂದರೆ, ಗೊತ್ತಾಗಬಾರದೆಂದೇ ಎರಡೂ ಕಡೆಯವರು ಬಯಸಿದ್ದರು.

1916ರ ನವೆಂಬರ್ 30ರಂದು ವೋಲ್ಫ್ ಕೀಲ್ ಬಂದರನ್ನು ಬಿಟ್ಟಿತು. ನಾಯಕ ಕಾರ್ಲ್ ಆಗಸ್ಟ್ ನೆರ್ಗರ್. ಹೊರಗಿನಿಂದ ನೋಡಿದರೆ ಬಡಕಲು ಸರಕು ಹಡಗು, ವೇಗವೂ ಅಷ್ಟಕ್ಕಷ್ಟೆ. ಮರೆಯ ಹಲಗೆ ಸರಿಸಿದರೆ ಏಳು ದೊಡ್ಡ ಫಿರಂಗಿಗಳು, ಟಾರ್ಪೆಡೊ ಕೊಳವೆಗಳು. ಹೊಗೆಕೊಳವೆ, ಹಾಯಿಕಂಬಗಳನ್ನು ಎತ್ತರಿಸಿ ತಗ್ಗಿಸಿ ರೂಪ ಬದಲಿಸುವ ವ್ಯವಸ್ಥೆಯೂ ಇತ್ತು. ಜೊತೆಗೆ ನೀರಿನ ಮೇಲಿಳಿಯಬಲ್ಲ ಒಂದು ಪುಟ್ಟ ವಿಮಾನ. ನಾವಿಕರು ಅದನ್ನು 'ತೋಳಮರಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಹಡಗಿನ ಹೊಟ್ಟೆಯಲ್ಲಿ 450ಕ್ಕೂ ಹೆಚ್ಚು ಮೈನುಗಳಿದ್ದವು. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಲಂಗರು ಹಾಕಿಕೊಂಡು ಅಡಗಿ ಕೂತು, ಹಡಗಿನ ತಳ ತಾಗಿದರೆ ಸಿಡಿಯುವ ಕಬ್ಬಿಣದ ಗುಂಡುಗಳು ಅವು. ಬಿತ್ತಿದವನು ಸಾವಿರ ಮೈಲಿ ಆಚೆ ಹೋದ ಮೇಲೂ ಬಿತ್ತಿದ್ದು ಕಾಯುತ್ತಲೇ ಇರುತ್ತದೆ.

ನೆರ್ಗರ್ ಮೊದಲು ಆಫ್ರಿಕದ ದಕ್ಷಿಣ ತುದಿಯಲ್ಲಿ ಬಿತ್ತಿದ. 1917ರ ಫೆಬ್ರುವರಿ ನಡುವಿನಲ್ಲಿ ಕೊಲಂಬೊ ಎದುರು, ಅದಾದ ಕೆಲವೇ ದಿನಗಳಲ್ಲಿ ಮುಂಬಯಿ ಎದುರು ಬಿತ್ತಿದ. ಈ ಎರಡು ಬಂದರುಗಳ ನಡುವೆ ಹೋಗಬೇಕಾದರೆ ಮಂಗಳೂರು, ಕಾರವಾರಗಳ ಪಡುವಣ ಕಡಲನ್ನು ದಾಟಲೇಬೇಕು. ದಡದಲ್ಲಿದ್ದವರು ಯಾರೂ ಅದನ್ನು ಕಾಣಲಿಲ್ಲ. ಕೊಲಂಬೊ ಹತ್ತಿರ 'ವೋರ್ಸ್ಟರ್‌ಶೈರ್', 'ಪರ್ಸಿಯಸ್' ಎಂಬ ಎರಡು ಹಡಗುಗಳು ಅದೇ ತಿಂಗಳು ಮುಳುಗಿದವು.

ತಿಂಗಳ ಕೊನೆಗೆ ನೆರ್ಗರ್ 'ಟರಿಟೆಲ್ಲಾ' ಎಂಬ ಬ್ರಿಟಿಷ್ ಹಡಗನ್ನು ಹಿಡಿದ. ಹತ್ತಿ ನೋಡಿದರೆ ಅದು ಹಳೆಯ ನೆಂಟ! ಹನ್ಸಾ ಕಂಪನಿಯ 'ಗುಟೆನ್‌ಫೆಲ್ಸ್' ಅನ್ನೇ ಬ್ರಿಟಿಷರು ವಶಪಡಿಸಿಕೊಂಡು ಹೆಸರು ಬದಲಿಸಿದ್ದರು. ನೆರ್ಗರ್ ಅದಕ್ಕೆ ಒಂದಿಷ್ಟು ಮೈನುಗಳನ್ನು ತುಂಬಿ ಏಡನ್ ಕಡೆಗೆ ಕಳಿಸಿದ. ಮಾರ್ಚ್ 5ರಂದು 'ಓಡಿನ್' ಎಂಬ ಬ್ರಿಟಿಷ್ ನೌಕೆ ಅದನ್ನು ತಡೆಯಿತು. ಜರ್ಮನರು ತಾವೇ ಹಡಗನ್ನು ಮುಳುಗಿಸಿ ಸೆರೆಯಾದರು. ಹೀಗೆ ಸಿಕ್ಕವರಿಂದ, ಹಿಂದೂ ಮಹಾಸಾಗರದಲ್ಲಿ ಮೈನು ಬಿತ್ತುವ ತೋಳವೊಂದು ಓಡಾಡುತ್ತಿದೆ ಎಂಬುದು ಬ್ರಿಟಿಷ್ ನೌಕಾಪಡೆಗೆ ಖಚಿತವಾಯಿತು.

ಕಥೆಯ ಹುಡುಗ ಕೂಗಬೇಕಾಗಿದ್ದದ್ದು ಈಗ. ಕೂಗಲಿಲ್ಲ. ಯಾವ ಮೈನು ಫಲಿಸಿತೆಂಬುದು ಶತ್ರುವಿಗೆ ತಿಳಿಯಬಾರದು, ನಾವಿಕರು ಹೆದರಬಾರದು, ಸಾಗಾಟ ನಿಲ್ಲಬಾರದು — ಯುದ್ಧ ನಡೆಸುವವರಿಗೆ ಈ ಕಾರಣಗಳು ಸಣ್ಣವಲ್ಲ. ಆದರೆ ಆ ಮೌನದ ಲೆಕ್ಕ ಬರೆದುಕೊಂಡವರು ಬೇರೆ, ಸಾಲ ತೀರಿಸಿದವರು ಬೇರೆ.

ಜೂನ್‌ನಲ್ಲಿ ಮುಂಬಯಿಯ ಬಿತ್ತನೆ ಫಸಲಿಗೆ ಬಂತು. 11ರಂದು 'ಸಿಟಿ ಆಫ್ ಎಕ್ಸೆಟರ್' ಹಾನಿಗೊಂಡಿತು. ಜಪಾನಿನ 'ಉಂಕೈ ಮಾರು', ಬ್ರಿಟನ್ನಿನ 'ಕ್ರಾಕ್ಸ್‌ಟೆತ್ ಹಾಲ್' ಮುಳುಗಿದವು. 23ರಂದು ಪಿ ಅಂಡ್ ಓ ಕಂಪನಿಯ ಟಪಾಲು ಹಡಗು 'ಮಂಗೋಲಿಯಾ', ಮುಂಬಯಿ ಇನ್ನು ಕೆಲವೇ ಗಂಟೆಗಳ ದಾರಿ ಇದೆ ಎನ್ನುವಾಗ ಮೈನಿಗೆ ತಾಗಿ, ನೋಡನೋಡುತ್ತಲೇ ತಳ ಸೇರಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಡಗಿನ ಭಾರತೀಯ ಕೆಲಸಗಾರರೂ ಇದ್ದರು. ಆಗಿನ ಉಗಿಹಡಗುಗಳ ತಳದಲ್ಲಿ ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದವರು ಹೆಚ್ಚಾಗಿ ನಮ್ಮ ಖಲಾಸಿಗಳೇ. ಮೈನು ಹೊಡೆಯುವುದೂ ತಳಕ್ಕೇ.

ವೋಲ್ಫ್ ಅಷ್ಟರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಕಡಲಲ್ಲಿತ್ತು. ಅಲ್ಲಿ ಮೌನ ಇನ್ನೊಂದು ಕೆಡುಕು ಮಾಡಿತು. ಜುಲೈನಲ್ಲಿ ಆಸ್ಟ್ರೇಲಿಯಾ ಬಳಿ 'ಕಂಬರ್‌ಲ್ಯಾಂಡ್' ಹಡಗು ಸಿಡಿದಾಗ, ಒಳಗಿನವರಾರೋ ಬಾಂಬ್ ಇಟ್ಟಿರಬೇಕೆಂದು ಹೇಳಲಾಯಿತು. ಕಡಲಿನ ತೋಳವನ್ನು ಮರೆಮಾಚಿದ್ದರಿಂದ ಜನ ಊರೊಳಗೇ ತೋಳ ಹುಡುಕತೊಡಗಿದರು; ಜರ್ಮನ್ ಮೂಲದ ನೆರೆಹೊರೆಯವರ ಮೇಲೆ ಅನುಮಾನ ಬೆಳೆಯಿತು. ಆಗಸ್ಟ್‌ನಲ್ಲಿ ವೋಲ್ಫ್ ಹಿಡಿದ 'ಮಟುಂಗಾ' ಹಡಗಿನ ಪ್ರಯಾಣಿಕರು ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ಮನೆಯವರಿಗೆ ತಿಂಗಳುಗಟ್ಟಲೆ ತಿಳಿಯಲಿಲ್ಲ.

ಅವರು ಬದುಕಿದ್ದರು. ಮೈನುಗಳು ಖಾಲಿಯಾದ ಹಡಗಿನ ಹೊಟ್ಟೆಯೇ ಈಗ ಸೆರೆಮನೆ. ನಾನೂರಕ್ಕೂ ಹೆಚ್ಚು ಕೈದಿಗಳು, ನಾನಾ ದೇಶದವರು. ಅಮೆರಿಕದ ಕಪ್ತಾನನೊಬ್ಬನ ಪುಟ್ಟ ಮಗಳೂ ಆ ಹಡಗಿನಲ್ಲಿದ್ದಳು. ತಾಜಾ ತರಕಾರಿಯಿಲ್ಲದೆ ವಸಡು ಕೊಳೆಯುವ ಸ್ಕರ್ವಿ ರೋಗ ಕೈದಿಗೂ ಕಾವಲುಗಾರನಿಗೂ ಬಂತು. ಹಿಡಿದ ಹಡಗುಗಳಿಂದ ಕಲ್ಲಿದ್ದಲು, ಆಹಾರ ಎತ್ತಿಕೊಳ್ಳುತ್ತಾ, ಯಾವ ಬಂದರಿನ ಆಸರೆಯೂ ಇಲ್ಲದೆ ವೋಲ್ಫ್ 1918ರ ಫೆಬ್ರುವರಿ 24ರಂದು ಕೀಲ್‌ಗೆ ಮರಳಿತು. ಅದರ ಮೈನು ಮತ್ತು ಫಿರಂಗಿಗಳಿಗೆ ಸಿಕ್ಕು ಮುಳುಗಿದ, ಹಾನಿಗೊಂಡ ಹಡಗುಗಳು ಸುಮಾರು 30. ನೆರ್ಗರ್‌ಗೆ ಜರ್ಮನಿಯ ಅತ್ಯುನ್ನತ ಪದಕ ಸಿಕ್ಕಿತು. ಹಿಡಿದ ಹಡಗಿನವರನ್ನು ಕೊಲ್ಲದೆ ಕರೆದೊಯ್ದವನೆಂಬ ಒಳ್ಳೆಯ ಹೆಸರೂ ಅವನಿಗಿದೆ. ಅದು ಸುಳ್ಳಲ್ಲ. ಆದರೆ ಆ ಹಿರಿಮೆ ಕಣ್ಣೆದುರು ಸಿಕ್ಕವರಿಗೆ ಸಂಬಂಧಿಸಿದ್ದು; ಅವನ ಮೈನಿಗೆ ಸಿಕ್ಕವರ ಮುಖವನ್ನು ಅವನು ಎಂದೂ ನೋಡಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಹನ್ಸಾ ಕಂಪನಿಯ ಹಡಗುಗಳು ಮತ್ತೆ ವೇಷ ಹಾಕಿದವು. 'ಗೋಲ್ಡನ್‌ಫೆಲ್ಸ್' ಹೋಗಿ 'ಅಟ್ಲಾಂಟಿಸ್' ಆಯಿತು. 'ಕಾಂಡೆಲ್‌ಫೆಲ್ಸ್' ಹೋಗಿ 'ಪಿಂಗ್ವಿನ್' ಆಯಿತು. 1941ರ ಮೇ 8ರಂದು ಬ್ರಿಟಿಷ್ ನೌಕೆ 'ಕಾರ್ನ್‌ವಾಲ್' ಪಿಂಗ್ವಿನ್ ಅನ್ನು ಸಿಡಿಸಿದಾಗ, ಅದರೊಳಗೆ ಇನ್ನೂರಕ್ಕೂ ಹೆಚ್ಚು ಕೈದಿಗಳಿದ್ದರು. ಬದುಕಿದವರು ಬೆರಳೆಣಿಕೆ. ಸತ್ತವರಲ್ಲಿ ಅನೇಕರು ಭಾರತೀಯ ಖಲಾಸಿಗಳು; ಹಿಡಿದವನ ಹಡಗಿನಲ್ಲಿ, ಬಿಡಿಸಬೇಕಾದವನ ಗುಂಡಿಗೆ ಬಲಿಯಾದವರು.

ಮುಂಬಯಿಯ ಮಸೀದಿ ಬಂದರ್ ಬಳಿ ಇಂಡಿಯನ್ ಸೇಲರ್ಸ್ ಹೋಮ್ ಎಂಬ ಕಟ್ಟಡವಿದೆ. ಮೊದಲ ಮಹಾಯುದ್ಧದಲ್ಲಿ ಸತ್ತು ಕಡಲೇ ಸಮಾಧಿಯಾದ 2000ಕ್ಕೂ ಹೆಚ್ಚು ನಾವಿಕರ ನೆನಪನ್ನು ಅಲ್ಲಿ ಉಳಿಸಿದ್ದಾರೆ. ಹಡಗುಗಳ ಚರಿತ್ರೆ ಓದುವಾಗ ನಾವು ಕಪ್ತಾನರ ಹೆಸರನ್ನು ನೆನಪಿಟ್ಟುಕೊಳ್ಳುತ್ತೇವೆ. ಈ ಬರಹದಲ್ಲೂ ನೆರ್ಗರ್‌ನ ಹೆಸರು ಬಂತು, ಒಲೆಗೆ ಇದ್ದಲು ಸುರಿದ ಒಬ್ಬನ ಹೆಸರೂ ಬರಲಿಲ್ಲ.

ನಮ್ಮ ಕಥೆಯ ಹುಡುಗ ಸುಳ್ಳು ಕೂಗಿದ್ದಕ್ಕೆ ಕುರಿ ಕಳೆದುಕೊಂಡ. ಮಕ್ಕಳಿಗೆ ಆ ಪಾಠ ಹೇಳುತ್ತಲೇ ಬಂದಿದ್ದೇವೆ. ಗೊತ್ತಿದ್ದೂ ಕೂಗದೆ ನಿಂತ ಕಾವಲುಗಾರನ ಕಥೆಯನ್ನೂ ಅದರ ಪಕ್ಕಕ್ಕೇ ಇಡಬೇಕು. ಕುರಿಗಳಿಗೆ ಎರಡೂ ಒಂದೇ.