ಟಿಪ್ಪಣಿ ಇಡುವ ಜಾಗ: ಚೀಟಿಯಿಂದ ಆಪ್‌ವರೆಗೆ

ಪುಣೆಯ ನಮ್ಮ ಕನ್ನಡ ಬಳಗಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಬಾಡಿಗೆ ಮನೆ, ಮೆಸ್ಸಿನ ಮಾತು ಮುಗಿದ ಮೇಲೆ ನನ್ನನ್ನು ಆಗಾಗ ಕೇಳುತ್ತಾರೆ: "ಅಣ್ಣಾ, ನೋಟ್ಸ್ ಬರೆದಿಡೋಕೆ ಯಾವ ಆಪ್ ಒಳ್ಳೇದು?" ಐಟಿಯವರಿಗೆ ಮೀಟಿಂಗ್ ಟಿಪ್ಪಣಿ, ವಿದ್ಯಾರ್ಥಿಗಳಿಗೆ ಪ್ರಬಂಧದ ಟಿಪ್ಪಣಿ. ನನ್ನವು ಬೇರೆ ಬಗೆಯವು: ಅಮ್ಮ ಫೋನಿನಲ್ಲಿ ಹೇಳಿದ ಅಡುಗೆಯ ಅಳತೆ, ಇಲ್ಲಿ ಯಾರೂ ಆಡದ ಊರಿನ ಮಾತುಗಳು, ಓದಿದ ಪುಸ್ತಕಗಳ ಸಾರ. ಬಹುಪಾಲು ಕನ್ನಡದಲ್ಲಿವೆ. ಆಪ್‌ನ ಹೆಸರು ಹೇಳುವ ಮೊದಲು ಅವರಿಗೆ ನಾನು ಒಂದಿಷ್ಟು ಚರಿತ್ರೆ ಹೇಳುತ್ತೇನೆ. ಏಕೆಂದರೆ ಈ ಪ್ರಶ್ನೆಗೆ ಐನೂರು ವರ್ಷದ ಹತ್ತಿರ ವಯಸ್ಸಾಗಿದೆ.

ಜ್ಯೂರಿಕ್‌ನ ವೈದ್ಯ, ವಿದ್ವಾಂಸ ಕಾನ್ರಾಡ್ ಗೆಸ್ನರ್ 1548ರಲ್ಲೇ ಒಂದು ಉಪಾಯ ಬರೆದಿಟ್ಟ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಕತ್ತರಿಯಿಂದ ಕತ್ತರಿಸಿ, ಚೀಟಿಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ. ಅಚ್ಚಿನ ಪುಸ್ತಕಗಳು ಹೆಚ್ಚಾಗಿ, ಓದಿದ್ದನ್ನೆಲ್ಲ ನೆನಪಿಡಲಾಗದ ಕಾಲ ಅದು.

ಚೀಟಿ ಬೇಡ, ಪುಸ್ತಕವೇ ಇರಲಿ ಎಂದವರಿಗೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ದಾರಿ ತೋರಿಸಿದ. 1686ರಲ್ಲಿ ಫ್ರೆಂಚ್‌ನಲ್ಲಿ ಅಚ್ಚಾದ ಅವನ ಪದ್ಧತಿ ಹೀಗಿದೆ: ವಿಷಯದ ಹೆಸರಿನ ಮೊದಲ ಅಕ್ಷರ, ಅದರ ನಂತರ ಬರುವ ಮೊದಲ ಸ್ವರ, ಇವೆರಡನ್ನು ಹಿಡಿದು ಪುಸ್ತಕದ ಆರಂಭದಲ್ಲಿ ಸೂಚಿ ಮಾಡಿ, ಪುಟದ ಸಂಖ್ಯೆ ಬರೆದುಕೊಳ್ಳುವುದು. ಮೊದಲ ಬಾರಿ ಓದಿದಾಗ ನನಗೆ ನಗು ಬಂತು. ಅಕ್ಷರಕ್ಕೊಂದು ಸಾಲು, ಸ್ವರಕ್ಕೊಂದು ಮನೆ. ನಮ್ಮ ಶಾಲೆಯ ಕಾಗುಣಿತದ ಕೋಷ್ಟಕವಲ್ಲವೇ ಇದು!

ಸಸ್ಯಗಳಿಗೆ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್‌ಗೆ ಪುಸ್ತಕ ಸಾಲದಾಯಿತು. ಹೊಸ ಗಿಡಗಳು ಬರುತ್ತಲೇ ಇದ್ದರೆ ನಡುವೆ ಜಾಗ ಎಲ್ಲಿಂದ ತರುವುದು? 1760ರ ದಶಕದಲ್ಲಿ ಅವನು ಒಂದೇ ಅಳತೆಯ ಬಿಡಿ ಚೀಟಿಗಳಿಗೆ ತಿರುಗಿದ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಇದನ್ನು ಕೊನೆಯ ಹಂತಕ್ಕೆ ಒಯ್ದ. ಅವನ ಪೆಟ್ಟಿಗೆಗಳಲ್ಲಿದ್ದ ಚೀಟಿಗಳು ಸುಮಾರು 90,000. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಚೀಟಿಯಿಂದ ಇನ್ನೊಂದಕ್ಕೆ ಸೂಚನೆ. ಅವನು 1998ರಲ್ಲಿ ತೀರಿಕೊಂಡ. ಆ ಚೀಟಿಗಳು ಈಗ ಬೀಲೆಫೆಲ್ಡ್ ವಿಶ್ವವಿದ್ಯಾಲಯದಲ್ಲಿವೆ, ಓದಲು ಬರುತ್ತವೆ. ಇಂದಿನ ಎಷ್ಟೋ ಆಪ್‌ಗಳು ಅವನ ಹೆಸರು ಹೇಳಿಕೊಂಡೇ ಬಳಕೆದಾರರನ್ನು ಕರೆಯುತ್ತವೆ.

ಯಂತ್ರದ ಕನಸು ಕಂಡವನು ಅಮೆರಿಕದ ವನ್ನೆವಾರ್ ಬುಷ್. 1945ರ ಲೇಖನವೊಂದರಲ್ಲಿ ಅವನು 'ಮೆಮೆಕ್ಸ್' ಎಂಬ ಮೇಜನ್ನು ಕಲ್ಪಿಸಿದ. ಅದರೊಳಗೆ ಮೈಕ್ರೋಫಿಲ್ಮ್‌ನಲ್ಲಿ ಪುಸ್ತಕ, ಪತ್ರ, ಟಿಪ್ಪಣಿ. ಒಂದರಿಂದ ಇನ್ನೊಂದಕ್ಕೆ ಹೋಗುವ ಜಾಡುಗಳು. ಮೆಮೆಕ್ಸ್ ತಯಾರಾಗಲಿಲ್ಲ, ಆದರೆ ಕನಸು ಉಳಿಯಿತು. 1987ರಲ್ಲಿ ಆಪಲ್‌ನ ಹೈಪರ್‌ಕಾರ್ಡ್, 1988ರಲ್ಲಿ ಲೋಟಸ್ ಅಜೆಂಡಾ, 2003ರಲ್ಲಿ ಒನ್‌ನೋಟ್, 2006ರಲ್ಲಿ ಗೂಗಲ್ ನೋಟ್‌ಬುಕ್, 2008ರಲ್ಲಿ ಎವರ್‌ನೋಟ್ ಬಂದವು.

ಇಲ್ಲಿ ಚರಿತ್ರೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಗೆಸ್ನರ್‌ನ ಕತ್ತರಿ ಮುರಿದರೆ ಚೀಟಿ ಹಾಳಾಗುತ್ತಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ, ಪೆಟ್ಟಿಗೆ ಮಾಡಿದವನು ಅಂಗಡಿ ಮುಚ್ಚಿದರೆ ಒಳಗಿನ ಬರಹಕ್ಕೂ ಕುತ್ತು. ಹೈಪರ್‌ಕಾರ್ಡ್ ಮಾರಾಟ 2004ರಲ್ಲಿ ನಿಂತಿತು. ಗೂಗಲ್ ನೋಟ್‌ಬುಕ್ 2012ರಲ್ಲಿ ಮುಚ್ಚಿತು. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆಯನ್ನು 50 ಟಿಪ್ಪಣಿಗಳಿಗೆ ಇಳಿಸಿತು. ಇದಕ್ಕೆ ಉತ್ತರವಾಗಿ ಇನ್ನೊಂದು ಪರಂಪರೆಯೂ ಬೆಳೆಯಿತು: ಟಿಪ್ಪಣಿಗಳನ್ನು ಸಾದಾ ಪಠ್ಯದ ಫೈಲುಗಳಾಗಿ ನಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು. 2003ರ ಆರ್ಗ್‌-ಮೋಡ್, 2004ರ ಮಾರ್ಕ್‌ಡೌನ್ ಬರವಣಿಗೆ, 2020ರ ಅಬ್ಸಿಡಿಯನ್ ಈ ದಾರಿಯವು. ಆಪ್ ಹೋದರೂ ಫೈಲು ಯಾವ ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇದರ ಪಾಠ ಹೊಸದೇನಲ್ಲ. 1998ರಲ್ಲಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿದವು. ಆ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದ ಕಡೆ ಅದೇ ಬರಹ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಸಾಮಾನ್ಯರ ಕಂಪ್ಯೂಟರಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿ, ಅದರ 'ತುಂಗಾ' ಫಾಂಟಿನ ನಂತರ. ಊರಿನಿಂದ ಯಾರಾದರೂ ಹಳೆಯ ಫೈಲು ಕಳಿಸಿದಾಗ ನಾನು ಇಂದಿಗೂ ಮೊದಲು ಪರಿವರ್ತಕ ಹುಡುಕುತ್ತೇನೆ.

ಯೂನಿಕೋಡ್ ಬಂದರೂ ಹುಡುಕಾಟದ ಕಷ್ಟ ಪೂರ್ತಿ ಹೋಗಿಲ್ಲ. 'ಸಾಫ್ಟ್‌ವೇರ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಅದಿಲ್ಲದೆ 'ಸಾಫ್ಟ್ವೇರ್' ಎಂದು ಹುಡುಕಿದರೆ ಕೆಲವು ಆಪ್‌ಗಳಿಗೆ ಎರಡೂ ಬೇರೆ ಬೇರೆ ಪದ. ಇನ್ನು ನಮ್ಮ ವಿಭಕ್ತಿಗಳು: 'ಕಣ್ಣು' ಎಂದು ಹುಡುಕಿದರೆ 'ಕಣ್ಣಿಗೆ' ಸಿಗುವುದಿಲ್ಲ. 'ಕಣ್ಣ' ಎಂದು ಹುಡುಕಬೇಕು; ಅದೂ ಪದದ ಭಾಗವನ್ನು ಹುಡುಕಬಲ್ಲ ಆಪ್‌ನಲ್ಲಿ ಮಾತ್ರ ಫಲ ಕೊಡುತ್ತದೆ.

ಹಾಗಾಗಿ ಕೇಳಿದವರಿಗೆ ನಾನು ಹೇಳುವ ಪರೀಕ್ಷೆ ಒಂದು ಗಂಟೆಯದು. ಯಾವ ಆಪ್ ಆದರೂ ಸರಿ, ಹತ್ತು ಕನ್ನಡ ಟಿಪ್ಪಣಿ ಬರೆಯಿರಿ. ಇಂಟರ್‌ನೆಟ್ ನಿಲ್ಲಿಸಿ ಹುಡುಕಿ ನೋಡಿ. ಆಮೇಲೆ ಎಲ್ಲವನ್ನೂ ಹೊರತೆಗೆದು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅಕ್ಷರ, ತಾರೀಖು, ಚಿತ್ರ, ಕೊಂಡಿ ಯಾವುದು ಉಳಿಯಿತು, ಯಾವುದು ಕಳೆಯಿತು ಎಂದು ಪಟ್ಟಿ ಮಾಡಿ. ಆಫೀಸಿನ ಟಿಪ್ಪಣಿ ಕೆಲಸ ಬಿಟ್ಟ ದಿನಕ್ಕೆ ಮುಗಿಯುತ್ತದೆ. ಅದಕ್ಕೆ ಕಂಪನಿ ಕೊಟ್ಟ ಆಪ್ ಸಾಕು. ಆದರೆ ಅಜ್ಜಿಯ ಬಾಯಿಂದ ಬರೆದುಕೊಂಡ ಗಾದೆ, ಪದ, ಹೆಸರು ಮತ್ತೆ ಕೇಳಿ ಬರೆದುಕೊಳ್ಳಲು ಬರುವಂಥವಲ್ಲ. ಅವನ್ನು ಯೂನಿಕೋಡ್‌ನ ಸಾದಾ ಫೈಲಿನಲ್ಲಿ ಇಡಿ. ಒಂದು ಪ್ರತಿ ಊರಿನಲ್ಲಿರುವ ತಂಗಿಯ ಕಂಪ್ಯೂಟರಿನಲ್ಲೂ ಇರಲಿ.