ಜೀವಿಸಮುದಾಯಗಳು ಮತ್ತು ಪರಿಸರ ಬದಲಾವಣೆ: ಅಧ್ಯಯನದ ಇತಿಹಾಸ

ಒಂದೇ ನೆಲೆಯಲ್ಲಿ ಒಂದನ್ನೊಂದು ತಿನ್ನುತ್ತ, ಜಾಗಕ್ಕಾಗಿ ಸೆಣಸುತ್ತ, ಒಂದಕ್ಕೊಂದು ಆಸರೆಯಾಗುತ್ತ ಬಾಳುವ ಪ್ರಭೇದಗಳ ಕೂಟವೇ ಜೀವಿಸಮುದಾಯ. ಜರ್ಮನಿಯ ಕಾರ್ಲ್ ಮೋಬಿಯಸ್ 1877ರಲ್ಲಿ ಸಿಂಪಿಗಳ ದಿಬ್ಬವನ್ನು ಇಂಥ ಕೂಟವಾಗಿ ವಿವರಿಸಿದರು. ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ (1916) ಸಸ್ಯಸಮುದಾಯವನ್ನು ಬೆಳೆದು ಮಾಗುವ ಒಂದೇ ಜೀವಿಯೆಂದು ಭಾವಿಸಿದರು. ಪ್ರತಿ ಪ್ರಭೇದವೂ ತನ್ನ ಪಾಡಿಗೆ ತಾನು ಹವೆ, ಮಣ್ಣುಗಳಿಗೆ ಸ್ಪಂದಿಸುತ್ತದೆ ಎಂಬುದು ಹೆನ್ರಿ ಗ್ಲೀಸನ್ (1926) ವಾದ. ಹಿಮಯುಗದ ನಂತರ ಮರಗಳು ಬೇರೆ ಬೇರೆ ವೇಗದಲ್ಲಿ ಉತ್ತರಕ್ಕೆ ಸರಿದುದನ್ನು ಹಳೆಯ ಪರಾಗ ತೋರಿಸಿಕೊಟ್ಟ ಮೇಲೆ ಗ್ಲೀಸನ್‌ರ ಕೈ ಮೇಲಾಯಿತು. ಆದರೂ ಯಾರು ಯಾರನ್ನು ತಿನ್ನುತ್ತಾರೆ ಎಂಬ ಪ್ರಶ್ನೆ ಈ ಚರ್ಚೆಯ ಅಂಚಿನಲ್ಲೇ ಉಳಿದಿತ್ತು.

ಅದನ್ನು ನಡುವಿಗೆ ತಂದವರು ರಾಬರ್ಟ್ ಪೇನ್. ವಾಷಿಂಗ್ಟನ್ ರಾಜ್ಯದ ಮುಕ್ಕಾ ಕೊಲ್ಲಿಯ ಬಂಡೆಗಳಿಂದ 1963ರಲ್ಲಿ ಅವರು ಪಿಸಾಸ್ಟರ್ ಎಂಬ ನಕ್ಷತ್ರಮೀನನ್ನು ಕಿತ್ತು ಕಡಲಿಗೆಸೆಯತೊಡಗಿದರು. ಅದರ ಬಾಯಿಂದ ಪಾರಾದ, ಪಚ್ಚಿಲೆಯ ಬಂಧುವಾದ ಚಿಪ್ಪುಜೀವಿ ಬಂಡೆಯನ್ನೆಲ್ಲ ಆಕ್ರಮಿಸುತ್ತ ಬಂತು. 15 ಪ್ರಭೇದಗಳಿದ್ದಲ್ಲಿ 8 ಉಳಿದವು. ಹೀಗೆ ಇಡೀ ಸಮುದಾಯವನ್ನು ಹಿಡಿದಿಡುವ ನಕ್ಷತ್ರಮೀನಿನಂಥ ಜೀವಿಯನ್ನು 1969ರಲ್ಲಿ ಪೇನ್ ‘ಕೀಸ್ಟೋನ್ (ಕಮಾನಿನ ನಡುಗಲ್ಲು) ಪ್ರಭೇದ’ ಎಂದು ಕರೆದರು.

ಹವೆಯ ಜೊತೆ ಈ ಬೇಟೆಯ ನಂಟನ್ನು ಬಿಡಿಸಿ ತೋರಿಸಿದ್ದು ಎರಿಕ್ ಸ್ಯಾನ್‌ಫರ್ಡ್ 1999ರಲ್ಲಿ ಪ್ರಕಟಿಸಿದ ಅಧ್ಯಯನ. ಒರೆಗಾನ್ ತೀರದಲ್ಲಿ ಆಳದ ತಣ್ಣೀರು ಮೇಲೆದ್ದಾಗ, ಕೆಲವೇ ಡಿಗ್ರಿಗಳ ಇಳಿತಕ್ಕೆ ಪಿಸಾಸ್ಟರ್ ತಿನ್ನುವುದನ್ನು ಬಹಳ ಕಡಿಮೆ ಮಾಡುತ್ತಿತ್ತು. ಹೊಟ್ಟೆಬಾಕ ಜೀವಿಯೊಂದರ ಹಸಿವು ತಗ್ಗಿದರೆ ಸಾಕು, ಬಂಡೆಯ ಮೇಲಿನ ಲೆಕ್ಕವೇ ಬದಲಾಗುತ್ತದೆ. ಈ ಶಾಸ್ತ್ರದ ಅತ್ಯಂತ ಮಹತ್ವದ ಪಾಠ ಇದೇ ಎನ್ನಬಹುದು.

ದೊಡ್ಡ ಪ್ರಮಾಣದ ಸಾಕ್ಷ್ಯ ದುರಂತವಾಗಿ ಬಂತು. 2013ರಿಂದ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಕ್ಷತ್ರಮೀನುಗಳು ಮೈ ಕರಗುವ ರೋಗಕ್ಕೆ ತುತ್ತಾದವು. ಮೈಯೆಲ್ಲ ಮುಳ್ಳಿರುವ, ಪಾಚಿ ಮೇಯುವ ಸೀ ಅರ್ಚಿನ್‌ಗಳನ್ನು ತಿನ್ನುವ ಸೂರ್ಯಕಾಂತಿ ನಕ್ಷತ್ರಮೀನು ಕ್ಯಾಲಿಫೋರ್ನಿಯದಲ್ಲಿ ಬಹುತೇಕ ಅಳಿಯಿತು. ಅಲ್ಲಿನ ಉತ್ತರ ತೀರದಲ್ಲಿ ಅರ್ಚಿನ್‌ಗಳ ಇನ್ನೊಂದು ವೈರಿಯಾದ ಕಡಲ ನೀರುನಾಯಿ ತುಪ್ಪಳದ ವ್ಯಾಪಾರಕ್ಕೆ ಬಲಿಯಾಗಿ ಶತಮಾನವೇ ಕಳೆದಿತ್ತು. ಮೇಲಿಂದ 2014–16ರ ಕಡಲ ಬಿಸಿಯಲೆ. ಬಿಸಿ, ಸತ್ವಹೀನ ನೀರಿನಲ್ಲಿ ಸೊರಗಿದ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯನ್ನು ನೇರಳೆ ಅರ್ಚಿನ್‌ಗಳು ಮೇದು ಮುಗಿಸಿದವು. ಉತ್ತರ ಕ್ಯಾಲಿಫೋರ್ನಿಯದ ಕೆಲ್ಪ್ ಕಾಡು ಶೇ. 90ಕ್ಕೂ ಹೆಚ್ಚು ನಾಶವಾಯಿತು. ಕೆಲ್ಪ್ ತಿಂದು ಬದುಕುವ ಕೆಂಪು ಅಬಲೋನಿ ಎಂಬ ಚಿಪ್ಪುಜೀವಿ ಹಸಿವಿನಿಂದ ಸತ್ತು, 2018ರಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಬಿಸಿಯಲೆ ಇಳಿದರೂ ಕಾಡು ಬೇಗ ಮರಳಲಿಲ್ಲ: ಅರ್ಚಿನ್‌ಗಳು ವರ್ಷಗಟ್ಟಲೆ ಉಪವಾಸವಿದ್ದೂ ಬದುಕಬಲ್ಲವು, ಚಿಗುರು ಕಂಡರೆ ಕತ್ತರಿಸಬಲ್ಲವು. ಸೂರ್ಯಕಾಂತಿ ನಕ್ಷತ್ರಮೀನಿನ ರೋಗಕ್ಕೆ ಕಾರಣ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯ ಎಂದು 2025ರಲ್ಲಿ ಗುರುತಿಸಲಾಗಿದ್ದು, ಈ ಪ್ರಭೇದವನ್ನು ಪ್ರಯೋಗಾಲಯಗಳಲ್ಲಿ ಸಾಕಿ ಬೆಳೆಸುವ ಪ್ರಯತ್ನ ನಡೆದಿದೆ.